ಸ್ಥಲವೂ ಸ್ಥಾನವೂ

ಸ್ಥಲವೆಂಬ ಪದವು ನಮ್ಮ ಧರ್ಮಸಾಹಿತ್ಯದಲ್ಲಿ ಎರಡು ಅರ್ಥಗಳನ್ನು ಹೊತ್ತು ನಡೆದುಬಂದಿದೆ. ಸಾಧಕನ ಅಂತರಂಗದ ನಿಲವು ಒಂದು ಅರ್ಥ. ಆ ನಿಲವಿಗೆ ಒಪ್ಪುವ ವಚನವನ್ನು ಸಂಕಲನದಲ್ಲಿ ಇರಿಸುವ ಎಡೆ ಮತ್ತೊಂದು ಅರ್ಥ. 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ವಚನಗಳನ್ನು ಅರಸಿ, ಕೂಡಿಸಿ, ಕಟ್ಟು ಕಟ್ಟಿದ ಮಹನೀಯರು ಈ ಎರಡನೆಯ ಕಾರ್ಯವನ್ನೇ ತಮ್ಮ ಕಾಯಕವೆಂದು ಬಗೆದಿದ್ದರು. ಇಂತಹ ವಚನವು ಭಕ್ತಸ್ಥಲಕ್ಕೆ ಸಲ್ಲುವುದೋ ಮಾಹೇಶಸ್ಥಲಕ್ಕೆ ಸಲ್ಲುವುದೋ, ಸಂದರೆ ಯಾವ ವಚನದ ಮುಂದೆ ಯಾವ ವಚನದ ಹಿಂದೆ ಅದು ನಿಲ್ಲಬೇಕು ಎಂಬುದನ್ನು ಒಬ್ಬ ಮನುಷ್ಯನು ಕುಳಿತು, ಯೋಚಿಸಿ, ಮನಸ್ಸಿಗೆ ಒಪ್ಪಿದ ಮೇಲೆ ಗರಿಯ ಮೇಲೆ ಕಂಠದಿಂದ ಕೊರೆಯಬೇಕಾಗಿತ್ತು. ಈಗ ವಿಂಗಡಣೆಯನ್ನಷ್ಟು ನಾವು ಮಾಡಿಕೊಟ್ಟರೆ ಸಾಕು, ಯಾವುದು ಎಲ್ಲಿ ಕೂಡಬೇಕೆಂಬುದನ್ನು ಗಣಕಯಂತ್ರವೇ ನಿರ್ಧರಿಸಿ ಚಿತ್ರವನ್ನು ಮುಂದಿಡುತ್ತದೆ. ಈ ನಿರ್ಧಾರದಲ್ಲಿ ಯಂತ್ರಕ್ಕೆ ಎಷ್ಟು ಬಿಡಬೇಕು, ಕೈಯಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಯು ಕಳೆದ ಶ್ರಾವಣದಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ನಮ್ಮೆದುರು ಬಂದಿತು.

ಆ ಬಡಾವಣೆಯನ್ನು ಬಲ್ಲವರಿಗೆ ಅದರ ಸ್ವಭಾವ ತಿಳಿದೇ ಇದೆ. ಒಂದು ಕಾಲಕ್ಕೆ ಹಳ್ಳಿಗಳಾಗಿದ್ದ ಕಗ್ಗದಾಸಪುರ, ನಾಗವಾರಪಾಳ್ಯ, ಬೈರಸಂದ್ರಗಳ ನಡುವೆ ರೇಡಾರ್ ಮತ್ತು ವಿಮಾನದ ಎಂಜಿನ್ನುಗಳನ್ನು ಕುರಿತು ಸಂಶೋಧನೆ ನಡೆಸುವ ರಕ್ಷಣಾ ಪ್ರಯೋಗಾಲಯಗಳು ಬಂದವು. ಆಮೇಲೆ ಬಾಗ್ಮನೆ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳು ಎದ್ದವು. ಧಾರವಾಡ, ಕಲಬುರಗಿ, ತುಮಕೂರು, ಚಾಮರಾಜನಗರ ಕಡೆಗಳಿಂದ ಉದ್ಯೋಗಕ್ಕೆಂದು ಬಂದ ನಮ್ಮ ಸಮಾಜದ ಕುಟುಂಬಗಳು ಅಲ್ಲಿ ಬೇಕಾದಷ್ಟಿವೆ. ಅವರಲ್ಲಿ ಕೆಲವರು ಶ್ರಾವಣ ಮಾಸದಲ್ಲಿ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಡಿ ಷಟ್‌ಸ್ಥಲವನ್ನು ಅಭ್ಯಾಸ ಮಾಡಬೇಕೆಂದು ನಿಶ್ಚಯಿಸಿ ನಮ್ಮನ್ನು ಕರೆಸಿಕೊಂಡರು. ಮಕ್ಕಳೆಲ್ಲರೂ ಇಂಗ್ಲಿಷ್ ಮಾಧ್ಯಮದವರು. ಬರಿಯ ಬಾಯಿಮಾತಿನಿಂದ ಹೇಳಿದರೆ ನಿಲ್ಲಲಾರದೆಂದು, ತುಮಕೂರಿನ ಕಡೆಯ ಎಂಜಿನಿಯರ್ ತರುಣಿಯೊಬ್ಬರು ಷಟ್‌ಸ್ಥಲವನ್ನು ಮೈಂಡ್ ಮ್ಯಾಪ್ ಆಗಿ ಬರೆದು ತರುವೆನೆಂದು ಒಪ್ಪಿಕೊಂಡರು. ಕೊನೆಯ ವಾರ ಅದನ್ನು ಅಚ್ಚುಹಾಕಿಸಿ ಪ್ರತಿ ಮನೆಗೆ ಒಂದರಂತೆ ಹಂಚುವುದೆಂದು ಮೊದಲ ದಿನವೇ ತೀರ್ಮಾನವಾಯಿತು. ಗೋಡೆಗೆ ತೂಗುಬಿದ್ದ ಚಿತ್ರವು ಹತ್ತು ವರ್ಷ ಮಾತನಾಡುತ್ತದೆ. ಆದುದರಿಂದ ಅದರಲ್ಲಿ ಯಾವುದು ಎಲ್ಲಿರುವುದೆಂಬುದು ಹಗುರವಾದ ವಿಷಯವಾಗಿರಲಿಲ್ಲ.

ಮೈಂಡ್ ಮ್ಯಾಪ್ ಎಂದರೆ ಮನೋನಕ್ಷೆ. ನಡುವೆ ಒಂದು ವಿಷಯ, ಅದರಿಂದ ಕವಲುಗಳು, ಕವಲಿಗೆ ಉಪಕವಲುಗಳು. ಇಂಗ್ಲೆಂಡಿನ ಟೋನಿ ಬುಜಾನ್ ಎಂಬುವರು 1974ರಲ್ಲಿ ಬಿ.ಬಿ.ಸಿ. ದೂರದರ್ಶನದ ಕಾರ್ಯಕ್ರಮವೊಂದರ ಮೂಲಕ ಇದನ್ನು ಜನಪ್ರಿಯಗೊಳಿಸಿದರು. ಅವರ ಕಾಲಕ್ಕೆ ಅದು ಹಾಳೆ ಮತ್ತು ಬಣ್ಣದ ಪೆನ್ಸಿಲಿನ ಕೆಲಸ. ಗಣಕಯಂತ್ರಕ್ಕೆ ಬಂದ ಮೇಲೆ ಕವಲೊಡೆಯುವ ಪ್ರತಿಯೊಂದು ಎಡೆಗೂ ನೋಡ್ ಎಂಬ ಹೆಸರು ನಿಂತಿತು. ಕಬ್ಬಿನ ಗೆಣ್ಣನ್ನು ಕಂಡವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾದುದಿಲ್ಲ. ನಾವು ಗೋಷ್ಠಿಯಲ್ಲಿ ಗೆಣ್ಣು ಎಂದೇ ಕರೆದೆವು, ಮಕ್ಕಳು ನಕ್ಕರೂ ಎರಡನೆಯ ವಾರದಿಂದ ಅವರೂ ಹಾಗೆಯೇ ಕರೆದರು.

ಗೆಣ್ಣುಗಳನ್ನು ಇರಿಸುವ ಬಗೆ ಎರಡು. ಒಂದರಲ್ಲಿ ಪ್ರತಿಯೊಂದನ್ನೂ ಕೈಯಿಂದ ಎಳೆದು ಬೇಕಾದಲ್ಲಿ ಕೂಡಿಸುತ್ತೇವೆ. ಅದು ಅಲ್ಲಿಯೇ ಇರುತ್ತದೆ. ಇನ್ನೊಂದರಲ್ಲಿ ಯಾವುದು ಯಾವುದರ ಕವಲೆಂದು ಮಾತ್ರ ಹೇಳುತ್ತೇವೆ; ಎಡೆಯನ್ನು ತಂತ್ರಾಂಶವೇ ಲೆಕ್ಕಹಾಕುತ್ತದೆ. ಆ ಲೆಕ್ಕವು ಹೇಗೆಂದು ತರುಣಿಯವರನ್ನು ಕೇಳಿದೆವು. ರೀಂಗೋಲ್ಡ್ ಮತ್ತು ಟಿಲ್‌ಫರ್ಡ್ ಎಂಬ ಇಬ್ಬರು 1981ರಲ್ಲಿ ಪ್ರಕಟಿಸಿದ ಕ್ರಮವನ್ನು ಅವರು ವಿವರಿಸಿದರು. ತಾಯಿಗೆಣ್ಣು ತನ್ನ ಮಕ್ಕಳ ನಡುಮಧ್ಯದಲ್ಲಿ ನಿಲ್ಲಬೇಕು. ಒಂದರ ಸಂಸಾರ ಇನ್ನೊಂದರ ಸಂಸಾರದ ಮೇಲೆ ಬೀಳಬಾರದು. ಆದರೂ ನಡುವೆ ವ್ಯರ್ಥ ಜಾಗ ಉಳಿಯಬಾರದು. ಒಂದೇ ಆಕಾರದ ಎರಡು ಕವಲುಗಳು ಮರದಲ್ಲಿ ಎಲ್ಲಿದ್ದರೂ ಒಂದೇ ರೀತಿಯಾಗಿ ಕಾಣಬೇಕು. ಈ ಕೊನೆಯ ನಿಯಮವು ನಮ್ಮ ಮನಸ್ಸಿಗೆ ಹಿಡಿಸಿತು. ಇದಲ್ಲದೆ, ಪೀಟರ್ ಈಡ್ಸ್ ಎಂಬುವರು 1984ರಲ್ಲಿ ತಿಳಿಸಿದ ಇನ್ನೊಂದು ಕ್ರಮವಿದೆಯಂತೆ: ಗೆರೆಗಳನ್ನು ಸ್ಪ್ರಿಂಗುಗಳೆಂದೂ ಗೆಣ್ಣುಗಳು ಒಂದನ್ನೊಂದು ದೂಡುವುವೆಂದೂ ಭಾವಿಸಿ ಬಿಟ್ಟುಬಿಡುವುದು, ಎಳೆದಾಟ ತೂಗಿಕೊಂಡು ನಿಂತಾಗ ಚಿತ್ರ ಸಿದ್ಧ. ಅದು ಮೊದಲು ಕೊನೆಯಿಲ್ಲದ ಸಂಬಂಧಗಳಿಗೆ ತಕ್ಕುದು. ಸ್ಥಲಗಳಿಗೆ ಕ್ರಮವಿರುವುದರಿಂದ ಅದನ್ನು ನಾವು ಕೈಗೆತ್ತಿಕೊಳ್ಳಲಿಲ್ಲ.

ಮೊದಲ ಚಿತ್ರವು ಪೂರ್ಣವಾಗಿ ಯಂತ್ರದ್ದೇ. ನಡುವೆ ಷಟ್‌ಸ್ಥಲವೆಂಬ ಹೆಸರು. ಬಲಕ್ಕೆ ಮೇಲಿನಿಂದ ಕೆಳಕ್ಕೆ ಭಕ್ತ, ಮಾಹೇಶ, ಪ್ರಸಾದಿ. ಎಡಕ್ಕೆ ಮೇಲಿನಿಂದ ಕೆಳಕ್ಕೆ ಪ್ರಾಣಲಿಂಗಿ, ಶರಣ, ಐಕ್ಯ. ಎರಡು ಕಡೆಯ ತೂಕ ಸಮವಾಗಿರಲೆಂದು ತಂತ್ರಾಂಶವು ಹೀಗೆ ಹಂಚಿತ್ತು. ಚಿತ್ರವು ನೋಡಲು ಅಚ್ಚುಕಟ್ಟು. ಆದರೆ ಕನ್ನಡವನ್ನಾಗಲಿ ಇಂಗ್ಲಿಷನ್ನಾಗಲಿ ಓದುವ ಕಣ್ಣು ಎಡದ ಮೇಲ್ತುದಿಯಿಂದ ಹೊರಡುತ್ತದೆ. ಎಂಟನೆಯ ತರಗತಿಯ ಬಾಲಕನಿಗೆ ಓದೆಂದು ಹೇಳಿದಾಗ ಅವನು ಪ್ರಾಣಲಿಂಗಿ, ಶರಣ, ಐಕ್ಯ ಎಂದು ಓದಿ ಮುಗಿಸಿ, ಆಮೇಲೆ ಭಕ್ತ ಎಂದನು. ಆಚಾರಲಿಂಗದ ಅರಿವಿಲ್ಲದೆ ಮಹಾಲಿಂಗಕ್ಕೆ ಹೋಗಿ ತಿರುಗಿ ಬಂದಂತಾಯಿತು. ಯಂತ್ರಕ್ಕೆ ಕವಲು ಗೊತ್ತು, ಎಣಿಕೆ ಗೊತ್ತು. ಮೊದಲು ಭಕ್ತನಾಗಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಯಾರೂ ಅದಕ್ಕೆ ಹೇಳಿಯೂ ಇರಲಿಲ್ಲ.

ಹಾಗೆಂದು ಯಂತ್ರವನ್ನು ಹಳಿಯುವಂತಿರಲಿಲ್ಲ. ಏಕೋತ್ತರಶತಸ್ಥಲದ 101 ಸ್ಥಲಗಳಲ್ಲಿ ಅಂಗಸ್ಥಲಗಳು 44, ಲಿಂಗಸ್ಥಲಗಳು 57 ಎಂಬುದನ್ನು ನಾವು ಮಠದಲ್ಲಿ ಬಾಯಿಪಾಠವಾಗಿ ಕಲಿತವರು. ಸಿದ್ಧಾಂತ ಶಿಖಾಮಣಿಯ ಎಣಿಕೆಯಂತೆ ಆ 44 ಅಂಗಸ್ಥಲಗಳು ಭಕ್ತನಲ್ಲಿ 15, ಮಾಹೇಶನಲ್ಲಿ 9, ಪ್ರಸಾದಿಯಲ್ಲಿ 7, ಪ್ರಾಣಲಿಂಗಿಯಲ್ಲಿ 5, ಶರಣನಲ್ಲಿ 4, ಐಕ್ಯನಲ್ಲಿ 4. (ಆ ಗ್ರಂಥಕ್ಕೂ ವಚನಗಳಿಗೂ ಹಿಂದುಮುಂದಿನ ಸಂಬಂಧವೇನೆಂಬ ವಿವಾದ ನಮ್ಮಲ್ಲಿದೆ; ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.) ಆರನ್ನೂ ಒಂದೇ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇರಿಸೆಂದು ಹೇಳಿ, 44ನ್ನೂ ಬೆರಳಚ್ಚು ಮಾಡಿದ ಕೂಡಲೇ ತಂತ್ರಾಂಶವು ಪ್ರತಿಯೊಂದಕ್ಕೂ ಬೇಕಾದಷ್ಟೇ ಜಾಗವನ್ನು ಕೊಟ್ಟಿತು. ಭಕ್ತಸ್ಥಲವು ವಿಶಾಲವಾಗಿ ಹರಡಿತು. ಮುಂದಿನವು ಒಂದೊಂದಾಗಿ ಕಿರಿದಾಗುತ್ತ ಬಂದು ಐಕ್ಯದಲ್ಲಿ ಕೂಡಿಕೊಂಡವು. ಲಿಂಗಧಾರಣ, ಭಸ್ಮ, ರುದ್ರಾಕ್ಷಿ, ದಾನ ಇವೆಲ್ಲ ಭಕ್ತನ ಪಾಲಿನವು. ಹೊರಗಿನ ಆಚರಣೆಗಳ ಸಂಖ್ಯೆ ಅಲ್ಲಿ ಹೆಚ್ಚು. ನಿಲವು ಒಳಗಾದಂತೆ ಹೇಳಬೇಕಾದುದು ಕಡಿಮೆಯಾಗುತ್ತದೆ. ಬಾಯಿಪಾಠದಲ್ಲಿ ಸಂಖ್ಯೆಯಾಗಿ ಇದ್ದುದು ಕಣ್ಣಿಗೆ ಆಕಾರವಾಗಿ ಕಂಡದ್ದು ನಮಗೂ ಅಂದೇ ಮೊದಲು. ಕೈಯಿಂದ ಬರೆದಿದ್ದರೆ ಯಾರಾದರೂ ಆರಕ್ಕೂ ಸಮನಾದ ಮನೆಗಳನ್ನು ಗೀಚಿ, ಭಕ್ತನ 15ನ್ನು ಇರುಕಿಸಿ, ಐಕ್ಯನ 4ರ ಸುತ್ತ ಖಾಲಿ ಬಿಡುತ್ತಿದ್ದರು.

ತೊಂದರೆಯು ಎರಡು ಕಡೆಯಿಂದ ಬಂದಿತು.

ಧಾರವಾಡದ ಕಡೆಯ ವೃದ್ಧ ತಾಯಿಯೊಬ್ಬರು ಗೋಷ್ಠಿಗೆ ತಪ್ಪದೆ ಬರುತ್ತಿದ್ದರು. ಅವರ ಯಜಮಾನರು ಬದುಕಿದ್ದಾಗ ದೇವರ ಕೋಣೆಯ ಗೋಡೆಯ ಮೇಲೆ ಆರು ಸ್ಥಲಗಳನ್ನೂ ಆರು ಲಿಂಗಗಳನ್ನೂ ಶ್ರದ್ಧೆಯಿಂದ ಸಮರಸದವರೆಗಿನ ಆರು ಭಕ್ತಿಗಳನ್ನೂ ತಮ್ಮ ಕೈಯಿಂದಲೇ ಬರೆದಿದ್ದರಂತೆ. ಆ ತಾಯಿ ಅಕ್ಷರ ಕಲಿತುದು ತಡವಾಗಿ. ಸ್ಥಲಗಳನ್ನು ಕಲಿತುದು ಗೋಡೆಯಿಂದ. ಕಿಟಕಿಯ ಮೇಲಿನದು ಶರಣಸ್ಥಲ, ಆನಂದಭಕ್ತಿ. ಬಾಗಿಲ ಪಕ್ಕದ್ದು ಭಕ್ತಸ್ಥಲ, ಶ್ರದ್ಧಾಭಕ್ತಿ. ಪರದೆಯ ಮೇಲಿನ ಚಿತ್ರವನ್ನೂ ಅವರು ಹಾಗೆಯೇ ಎಡೆಹಿಡಿದು ನೆನಪಿಟ್ಟುಕೊಂಡಿದ್ದರು. ಮೂರನೆಯ ವಾರ ಮಾಹೇಶಸ್ಥಲಕ್ಕೆ ಒಂದಿಷ್ಟು ವಚನಕಾರರ ಹೆಸರುಗಳನ್ನು ಸೇರಿಸಿದೊಡನೆ ಕೆಳಗಿನವೆಲ್ಲವೂ ಜರುಗಿ, ಶರಣಸ್ಥಲವು ಪರದೆಯಿಂದಲೇ ಹೊರಕ್ಕೆ ಹೋಯಿತು. ಅವರು ಕನ್ನಡಕವನ್ನು ತೆಗೆದು ಒರೆಸಿಕೊಂಡು, "ಗುರುಗಳ, ನನ್ನ ಶರಣಸ್ಥಲ ಎಲ್ಲಿ ಹೋತ್ರಿ?" ಎಂದು ಕೇಳಿದರು. ತರುಣಿಯವರು ಪರದೆಯನ್ನು ಸರಿಸಿ ತೋರಿಸಿದರು. ತಾಯಿ ನೋಡಿದರು, ಮುಂದೆ ಆ ದಿನ ಮಾತನಾಡಲಿಲ್ಲ.

ಈ ಸಂಗತಿಗೆ ಪಂಡಿತರ ಲೋಕದಲ್ಲಿಯೂ ಹೆಸರಿದೆ. ಚಿತ್ರವನ್ನು ಯಂತ್ರವು ಮತ್ತೆ ಜೋಡಿಸುವಾಗ, ನೋಡುವವನು ತನ್ನ ಮನಸ್ಸಿನಲ್ಲಿ ಕಟ್ಟಿಕೊಂಡ ನಕ್ಷೆಯು ಮುರಿಯದಂತೆ ಎಚ್ಚರವಹಿಸಬೇಕೆಂದು ಜಪಾನ್ ಹಾಗೂ ಆಸ್ಟ್ರೇಲಿಯಾದ ನಾಲ್ವರು ಸಂಶೋಧಕರು 1995ರಲ್ಲಿಯೇ ವಿಸ್ತಾರವಾಗಿ ಬರೆದಿದ್ದಾರೆ. ಮೇಲಿನದು ಮೇಲೆಯೇ ಇರಬೇಕು, ಹತ್ತಿರದ್ದು ಹತ್ತಿರವೇ ಇರಬೇಕು ಎಂಬುದು ಅವರು ಹೇಳುವ ಲಕ್ಷಣಗಳಲ್ಲಿ ಮುಖ್ಯವಾದುವು. ಅಚ್ಚುಕಟ್ಟು ಎಂಬುದು ಚಿತ್ರದ ಗುಣ, ನೆನಪು ನೋಡುವವರದು.

ಎರಡನೆಯ ತೊಂದರೆಯು ಇದಕ್ಕಿಂತ ಆಳವಾದುದು. ಗೆಣ್ಣುಗಳನ್ನು ಕೈಯಿಂದಲೇ ನಿಲ್ಲಿಸೋಣವೆಂದು ಕೆಲವರು ಹೇಳಿ, ಭಕ್ತಸ್ಥಲವನ್ನು ಬುಡದಲ್ಲಿಯೂ ಐಕ್ಯಸ್ಥಲವನ್ನು ತುದಿಯಲ್ಲಿಯೂ ಇರಿಸಿ ಏಣಿಯಂತೆ ಜೋಡಿಸಿದರು. ನೋಡಲು ಗಂಭೀರವಾಗಿತ್ತು. ಚಾಮರಾಜನಗರದ ಕಡೆಯವರಾದ, ಬಾಡಿಗೆ ಕಾರು ಓಡಿಸುವ ಗೃಹಸ್ಥರೊಬ್ಬರು ಹಿಂದಿನ ಸಾಲಿನಿಂದ ಎದ್ದು ನಿಂತು, "ಬುದ್ಧಿ, ನಾವು ಈಚೆಗೆ ಲಿಂಗ ಕಟ್ಟಿಸಿಕೊಂಡೋರು. ಈ ಪಟದ ಲೆಕ್ಕದಲ್ಲಿ ನಮ್ಮ ಮನೆಯೋರದ್ದು ತಳದ ಮೆಟ್ಟಿಲೇ ಅಲ್ವಾ?" ಎಂದರು. ಕೇಳಿದ ದನಿಯಲ್ಲಿ ಕೊಂಕು ಇರಲಿಲ್ಲ. ಅವರ ಮಗನು ಪಕ್ಕದಲ್ಲಿ ತಲೆತಗ್ಗಿಸಿ ಕುಳಿತಿದ್ದನು. ಹುಟ್ಟಿನಿಂದ ಮೇಲುಕೀಳನ್ನು ಎಣಿಸಬಾರದೆಂದು ಮಹಾಮನೆಯನ್ನು ತೆರೆದ ಧರ್ಮದಲ್ಲಿ, ಒಂದು ಹಾಳೆಯ ಮೇಲುತುದಿ ಕೆಳತುದಿಗಳು ಒಬ್ಬ ತಂದೆಯನ್ನು ಮಗನೆದುರು ಹೀಗೆ ಕೇಳುವಂತೆ ಮಾಡಿದ್ದು ನಮ್ಮನ್ನು ಬಾಧಿಸಿತು. ಯಂತ್ರವು ಇರಿಸಿದ್ದರೆ ಯಂತ್ರದ ಕೆಲಸವೆಂದು ಬಿಡಬಹುದಾಗಿತ್ತು. ಕೈಯಿಂದ ಇರಿಸಿದ ಎಡೆಗೆ ಒಬ್ಬರ ಅಭಿಪ್ರಾಯವಿರುತ್ತದೆ, ನೋಡಿದವರು ಅದನ್ನು ಓದಿಯೇ ಓದುತ್ತಾರೆ.

ಕೈಯಿಂದ ಇರಿಸುವುದರ ಶಕ್ತಿಯನ್ನು ನಮ್ಮ ಪರಂಪರೆ ಬಲ್ಲುದು. ಶೂನ್ಯಸಂಪಾದನೆಯನ್ನೇ ನೋಡಬಹುದು. ಬೇರೆ ಬೇರೆ ಸಂದರ್ಭಗಳಲ್ಲಿ ಹೊಮ್ಮಿದ ವಚನಗಳನ್ನು ಒಂದರ ಎದುರು ಒಂದನ್ನು ಇರಿಸಿ, ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ ಎಂಬಂತೆ ಕಾಣಿಸಿದ ಕೃತಿ ಅದು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಹಾಗೆ ಜೋಡಿಸಿದರು. ಮುಂದೆ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ಮತ್ತೆ ಮತ್ತೆ ಜೋಡಿಸಿದರು. ಹೀಗೆ ನಾಲ್ಕು ಶೂನ್ಯಸಂಪಾದನೆಗಳು ನಮಗೆ ದೊರೆತಿವೆ. ವಚನಗಳು ಬಹುಮಟ್ಟಿಗೆ ಅವೇ. ಎಡೆ ಬೇರೆಯಾದುದರಿಂದ ಪ್ರಸಂಗದ ದನಿ ಬೇರೆಯಾಗುತ್ತದೆ. ಇಂದಿಗೂ ಎಷ್ಟೋ ಭಕ್ತರು ಅಲ್ಲಮಪ್ರಭುಗಳು ಇಂತಹ ಮಾತನ್ನು ಅಕ್ಕನಿಗೆ ಎದುರೆದುರಿಗೇ ಹೇಳಿದರೆಂದು ದೃಢವಾಗಿ ನಂಬಿರುವುದು ಸಂಪಾದಕರು ಇರಿಸಿದ ಎಡೆಯ ಬಲದಿಂದ. ಅದು ಜೋಡಣೆಯ ಮಹಿಮೆಯೂ ಹೌದು, ಅಪಾಯವೂ ಹೌದು. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದಾಗಲೂ ಕೈಬರಹದ ಕಟ್ಟುಗಳಲ್ಲಿದ್ದ ವಚನಗಳಿಗೆ ಅಚ್ಚಿನ ಪುಟದಲ್ಲಿ ಎಡೆಯನ್ನು ಹುಡುಕಬೇಕಾಯಿತು.

ಯಂತ್ರದ ಜೋಡಣೆಗೂ ನಮ್ಮಲ್ಲಿ ಹಳೆಯ ನಂಟನಿದ್ದಾನೆ, ಅವನೇ ಅಕಾರಾದಿ. ವಚನ ಸಂಪುಟಗಳ ಕೊನೆಯಲ್ಲಿ ಇರುವ ಸೂಚಿಯನ್ನು ತೆರೆದರೆ, ಮೊದಲ ಅಕ್ಷರದ ಹೊರತು ಬೇರಾವ ಸಂಬಂಧವೂ ಇಲ್ಲದ ವಚನಗಳು ಅಕ್ಕಪಕ್ಕದಲ್ಲಿ ನಿಂತಿರುತ್ತವೆ. ಕೋಪದ ಪಕ್ಕದಲ್ಲಿ ಕಾಯಕ, ಕಾಯಕದ ಪಕ್ಕದಲ್ಲಿ ಕಳವು. ಅಲ್ಲಿ ಯಾರ ಅಭಿಪ್ರಾಯವೂ ಇಲ್ಲ. ಆದುದರಿಂದಲೇ ಬೇಕಾದುದು ಕ್ಷಣದಲ್ಲಿ ಸಿಗುತ್ತದೆ. 1993ರಲ್ಲಿ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಲ್ಲಿ ಹೊರಬಂದ ಮೇಲೆ ಸೂಚಿಯಿಲ್ಲದೆ ಆ ಸಾಗರವನ್ನು ಈಜುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಸೂಚಿಯನ್ನು ಯಾರೂ ಪಾರಾಯಣ ಮಾಡುವುದಿಲ್ಲ.

ನಾಲ್ಕನೆಯ ವಾರ ಗೃಹಸ್ಥರ ಪ್ರಶ್ನೆಗೆ ಉತ್ತರ ಕೊಡಬೇಕಾಗಿತ್ತು. ಷಟ್‌ಸ್ಥಲ ಚಕ್ರವರ್ತಿ ಚೆನ್ನಬಸವಣ್ಣನವರ ಮಾರ್ಗದಲ್ಲಿ ಒಂದೊಂದು ಸ್ಥಲದೊಳಗೂ ಆರು ಸ್ಥಲಗಳಿವೆ. ಭಕ್ತನೊಳಗೆ ಐಕ್ಯನಿದ್ದಾನೆ, ಐಕ್ಯನೊಳಗೆ ಭಕ್ತನಿದ್ದಾನೆ. ಆರು 36 ಆಗುತ್ತದೆ; 36 ಮತ್ತೆ ಆರರಿಂದ 216 ಆಗುತ್ತದೆ. ಇದನ್ನು ನಾವು ಬಾಯಿಂದ ಹೇಳಿದೆವು. ಜನರು ತಲೆದೂಗಿದರು, ಆದರೆ ಏಣಿಯ ಚಿತ್ರವು ಕಣ್ಣಿನಲ್ಲಿ ಹಾಗೆಯೇ ಇತ್ತು. ಆಗ ತರುಣಿಯವರು, "ಗುರುಗಳೇ, 216ನ್ನೂ ಹಾಕಿಬಿಡ್ತೀನಿ. ಜಾಗ ಅದೇ ನೋಡಿಕೊಳ್ಳುತ್ತೆ" ಎಂದರು. ಕೈಯಿಂದ 216 ಗೆಣ್ಣುಗಳನ್ನು ಜೋಡಿಸುವುದು ದಿನವಿಡೀ ಕುಳಿತು ಮಾಡುವ ಕೆಲಸ. ಅವರು ಅರ್ಧ ಗಂಟೆಯಲ್ಲಿ ಹೆಸರುಗಳನ್ನು ನಕಲು ಮಾಡುತ್ತ ತುಂಬಿಸಿದರು. ಎಲ್ಲಿ ಕೂಡಬೇಕೆಂಬುದನ್ನು ಯಂತ್ರಕ್ಕೆ ಬಿಟ್ಟರು.

ಹಿಂದಿನ ವಾರ ಭಕ್ತನಿಗೆ ದೊಡ್ಡ ಜಾಗವನ್ನೂ ಐಕ್ಯನಿಗೆ ಚಿಕ್ಕ ಜಾಗವನ್ನೂ ಕೊಟ್ಟಿದ್ದ ಅದೇ ತಂತ್ರಾಂಶವು ಈ ಸಾರಿ ಆರಕ್ಕೂ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ಜಾಗವನ್ನು ಹಂಚಿತು. ಒಂದೊಂದು ಸ್ಥಲದ ತುದಿಯಲ್ಲಿಯೂ 36 ಕವಲುಗಳು. ಒಂದೇ ಆಕಾರದವು ಎಲ್ಲಿದ್ದರೂ ಒಂದೇ ರೀತಿ ಕಾಣಬೇಕೆಂಬ ನಿಯಮಕ್ಕೆ ಸರಿಯಾಗಿ ಆರೂ ಕವಲುಗಳು ಅವಳಿಗಳಂತೆ ನಿಂತವು. ಆ ಗೃಹಸ್ಥರು ಪರದೆಯ ಬಳಿಗೆ ಬಂದು ಭಕ್ತಸ್ಥಲದ ಗೆಣ್ಣಿನಿಂದ ಬೆರಳಿಟ್ಟು ಗೆರೆಯನ್ನು ಹಿಡಿದು ಹೋದರು. ಭಕ್ತನಲ್ಲಿ ಐಕ್ಯ, ಆ ಐಕ್ಯನಲ್ಲಿ ಮತ್ತೆ ಭಕ್ತ. ಮಗನನ್ನು ಕರೆದು ಅವನ ಬೆರಳನ್ನೂ ಅಲ್ಲಿ ಇರಿಸಿದರು. ಇದನ್ನು ಗುರುಗಳು ಸಮಾಧಾನಕ್ಕಾಗಿ ಬರೆಸಿದರೆಂದು ಯಾರೂ ಹೇಳುವಂತಿರಲಿಲ್ಲ. ಯಾರ ಕೈಯೂ ಅದಕ್ಕೆ ತಾಕಿರಲಿಲ್ಲ. ಆದುದರಿಂದ, ಸಮತೆಯನ್ನು ತೋರಬೇಕಾದೆಡೆಯಲ್ಲಿ ಎಡೆಯ ಹಂಚಿಕೆಯನ್ನು ಯಂತ್ರಕ್ಕೆ ಬಿಡುವುದು ಮೇಲೆಂದೂ, ಕ್ರಮವನ್ನು ಕಲಿಸಬೇಕಾದೆಡೆಯಲ್ಲಿ ಕೈಯಿಂದ ನಿಲ್ಲಿಸಲೇಬೇಕೆಂದೂ ನಾವು ಹೇಳಿದೆವು. ತರುಣಿಯವರಿಗೆ ಈ ವಿಂಗಡಣೆ ಪೂರ್ತಿಯಾಗಿ ಒಪ್ಪಿಗೆಯಾಗಲಿಲ್ಲ. ಕೈಯಿಂದ ನಿಲ್ಲಿಸಿದುದಕ್ಕೆ ನಾಳೆ ಒಂದು ಹೆಸರನ್ನು ಸೇರಿಸಿದರೆ ಒಂದರ ಮೇಲೊಂದು ಬೀಳುವುದೆಂದು ಅವರು ವಾದಿಸಿದರು. ಅದು ನಿಜ.

ಇದಕ್ಕೊಂದು ನಡುದಾರಿಯನ್ನು ಅವರೇ ತಂದರು. ಫ್ರೀಮೈಂಡ್ ಎಂಬ ಉಚಿತ ತಂತ್ರಾಂಶ ಹಾಗೂ ಅದರಿಂದ ಕವಲೊಡೆದ ಫ್ರೀಪ್ಲೇನ್‌ಗಳಲ್ಲಿ ಗೆಣ್ಣನ್ನು ಕೈಯಿಂದ ಎಳೆದಾಗ, ಅದು ಹಾಳೆಯಲ್ಲಿ ಎಷ್ಟನೆಯ ಅಂಗುಲದಲ್ಲಿದೆ ಎಂಬುದನ್ನು ಕಡತವು ಬರೆದಿಟ್ಟುಕೊಳ್ಳುವುದಿಲ್ಲ. ಯಂತ್ರವು ಇರಿಸುತ್ತಿದ್ದ ಎಡೆಯಿಂದ ಎಷ್ಟು ದೂರ ಸರಿಸಲಾಯಿತು ಎಂಬುದನ್ನಷ್ಟೇ ಬರೆದಿಡುತ್ತದೆ. ಹೊಸ ಕವಲು ಬಂದರೆ ಎಲ್ಲವೂ ಲೆಕ್ಕದಂತೆ ಜರುಗುತ್ತವೆ, ಕೈ ಕೊಟ್ಟ ಆ ಅಂತರವು ಮಾತ್ರ ಉಳಿದುಕೊಂಡು ಬರುತ್ತದೆ; ತಾಯಿಗೆಣ್ಣನ್ನು ಎಳೆದರೆ ಸಂಸಾರವೆಲ್ಲ ಜೊತೆಗೇ ಹೋಗುತ್ತದೆ. ಹಳೆಯ ಸಂಪಾದಕರು ಮಾಡಿದುದೂ ಹೆಚ್ಚುಕಡಿಮೆ ಇದೇ ಎಂದು ನಮಗೆ ತೋರಿತು. ಷಟ್‌ಸ್ಥಲದ ಚೌಕಟ್ಟನ್ನು ಅವರು ಮುರಿಯಲಿಲ್ಲ. ತಮ್ಮ ಅನುಭಾವಕ್ಕೆ ತಕ್ಕಷ್ಟು ಒಂದೊಂದು ವಚನವನ್ನು ಸರಿಸಿದರು. ಎಷ್ಟು ಸರಿಸಿದರೆಂಬುದನ್ನು ನಾಲ್ಕು ಸಂಪಾದನೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ.

ಕೊನೆಯ ವಾರ ಎರಡು ಪಟಗಳು ಅಚ್ಚಾದವು. ಮೊದಲನೆಯದರಲ್ಲಿ ಆರು ಸ್ಥಲಗಳನ್ನು ಏಣಿಯಂತೆ ಇರಿಸದೆ ವರ್ತುಲವಾಗಿ ಕೈಯಿಂದಲೇ ನಿಲ್ಲಿಸಿದೆವು. ಎಡದ ಮೇಲ್ತುದಿಯಲ್ಲಿ ಭಕ್ತ, ಬಲಕ್ಕೆ ಸುತ್ತಿ ಬಂದರೆ ಅವನ ಮಗ್ಗುಲಲ್ಲಿಯೇ ಐಕ್ಯ. ಅವುಗಳೊಳಗಿನ 44 ಯಂತ್ರದ ಲೆಕ್ಕದಂತೆ ಕುಳಿತಿವೆ. ಎರಡನೆಯದು 216ರ ಪಟ. ಅದನ್ನು ಯಾರೂ ಮುಟ್ಟಲಿಲ್ಲ. ವೃದ್ಧ ತಾಯಿಗೆ ಮಾತ್ರ ತರುಣಿಯವರು ಬೇರೆಯಾದ ಒಂದು ಪ್ರತಿಯನ್ನು ಮಾಡಿಕೊಟ್ಟರು. ಆ ತಾಯಿ ಪಕ್ಕದಲ್ಲಿ ಕುಳಿತು, "ಇನ್ನೊಂದೀಟು ಮ್ಯಾಲ ತಗೋ ಯವ್ವಾ, ಕಿಟಕಿ ಇರೂದು ಅಲ್ಲೆ" ಎಂದು ಹೇಳುತ್ತ ಹೋದರು. ಅವರ ಮನೆಯ ಗೋಡೆಯಂತೆಯೇ ಆರೂ ಬಂದು ಕುಳಿತ ಮೇಲೆ ಆನಂದಭಕ್ತಿ ಎಂಬ ಅಕ್ಷರಗಳನ್ನು ಕೊಂಚ ದೊಡ್ಡದು ಮಾಡಿಸಿಕೊಂಡರು.

ಲಿಂಗಸ್ಥಲದ 57 ಇನ್ನೂ ಬಾಕಿ ಉಳಿದಿವೆ. ಉಳಿದ ಐದರಲ್ಲಿ ಒಂಬತ್ತೊಂಬತ್ತು ಇದ್ದರೆ ಶರಣನಲ್ಲಿ ಮಾತ್ರ 12 ಇರುವುದರಿಂದ ವರ್ತುಲವು ಒಂದು ಪಕ್ಕಕ್ಕೆ ಉಬ್ಬುತ್ತದೆ. ಉಬ್ಬನ್ನು ಹಾಗೆಯೇ ಬಿಡಬೇಕೆಂದು ನಮ್ಮ ಅಭಿಪ್ರಾಯ. ಒಳಕ್ಕೆ ಎಳೆದು ದುಂಡಗೆ ಮಾಡಬೇಕೆಂದು ಕಾರು ಓಡಿಸುವ ಗೃಹಸ್ಥರ ಮಗನ ಅಭಿಪ್ರಾಯ. ತಂದೆಯ ಮೊಬೈಲಿನಲ್ಲಿ ಚಿತ್ರವನ್ನು ತೆಗೆದು ಅವನು ವಾರಕ್ಕೊಂದರಂತೆ ನಮಗೆ ಕಳುಹಿಸುತ್ತಿದ್ದಾನೆ.